ಇಂಗ್ಲಿಷಿನಲ್ಲಿ ಮಾತ್ರ ಜಗಳ

ಮಾರ್ಚ್ ೨, ಸೋಮವಾರ

ಇವತ್ತು ಬೆಳಗ್ಗೆ ಒಂದು ಲೋಟದ ವಿಷಯಕ್ಕೆ ಜಗಳವಾಯಿತು. ನಾನು ತೊಳೆದು ಒರೆಸಿಟ್ಟ ಲೋಟವನ್ನು ಅತ್ತೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಏನೂ ಅನ್ನಲಿಲ್ಲ. ಮತ್ತೆ ತೊಳೆದರು. ಬಾಯಿಬಿಟ್ಟು ಏನಾದರೂ ಅಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ಮೌನಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು.

ಆರು ವರ್ಷ ಈ ಅಡುಗೆಮನೆ ನನ್ನದಾಗಿತ್ತು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಹೋದ ವರ್ಷ ನಿವೃತ್ತಿಯಾಗಿ, ಕ್ವಾರ್ಟರ್ಸ್ ಬಿಟ್ಟು ನಮ್ಮ ಜೊತೆಗೆ ಬಂದರು. ಅವತ್ತಿನಿಂದ ಉಪ್ಪಿನ ಡಬ್ಬಿ ಒಂದು ದಿನವೂ ನಾನಿಟ್ಟ ಜಾಗದಲ್ಲಿಲ್ಲ.

ಲೋಟದಿಂದ ಶುರುವಾದದ್ದು ನಮ್ಮ ತವರುಮನೆಯ ತನಕ ಹೋಯಿತು. ಮಧ್ಯೆ ಒಮ್ಮೆ ಉಸಿರು ತೆಗೆದುಕೊಳ್ಳಲು ನಿಂತಾಗ ಗೊತ್ತಾಯಿತು, ಎದುರುಮನೆಯವರು ಟೀವಿಯ ಸದ್ದು ತಗ್ಗಿಸಿದ್ದಾರೆ. ನಮ್ಮದು ಚೆನ್ನಾಗಿ ಕೇಳಲಿ ಅಂತ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದೇ ಇವರ ಕೆಲಸ. ಮನೆಯಲ್ಲಿ ಮಾತ್ರ ಇವರನ್ನು ಹೊರಗೆ ತೆಗೆಯುವವರು ಯಾರೂ ಇಲ್ಲ. ಸಂಜೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ನೀವಿಬ್ರೂ ಕನ್ನಡದಲ್ಲಿ ಬಹಳ ಚೆನ್ನಾಗಿ ಜಗಳ ಆಡ್ತೀರಿ. ಅದೇ ತೊಂದರೆ. ಇವತ್ತಿಂದ ಈ ಮನೇಲಿ ಜಗಳ ಆಡೋದಾದ್ರೆ ಇಂಗ್ಲಿಷಲ್ಲೇ ಆಡಬೇಕು. ಎದುರುಮನೆಯವರಿಗೂ ಅರ್ಥ ಆಗಲ್ಲ, ನಿಮಗೂ ಸುಸ್ತಾಗುತ್ತೆ."

ಅತ್ತೆ ಮೂಗು ಮುರಿದರು. ನಾನೂ ಮುರಿದೆ. ಆಮೇಲೆ ಮೆಟ್ಟಿಲ ಹತ್ತಿರ ಇವರು ನನ್ನೊಬ್ಬಳಿಗೇ ಪಿಸುಗುಟ್ಟಿದರು: "ಏಪ್ರಿಲ್ ಮುಗಿಯೋವರೆಗೂ ನೋಡೋಣ. ಆಗಲೂ ಜಗಳ ನಿಲ್ಲದಿದ್ರೆ ಅಮ್ಮ ಇಲ್ಲೇ ಇರಲಿ, ನಾವಿಬ್ರು ಬೇರೆ ಮನೆ ಮಾಡೋಣ."

ಬೇರೆ ಮನೆ! ಬೇರೆ ಅಡುಗೆಮನೆ! ಅಂದರೆ ನಾನು ಮಾಡಬೇಕಾದದ್ದು ಇಷ್ಟೇ, ಏಪ್ರಿಲ್ ಮುಗಿಯುವವರೆಗೆ ಜಗಳ ಆರದಂತೆ ನೋಡಿಕೊಳ್ಳುವುದು. ಅದೂ ಇಂಗ್ಲಿಷಿನಲ್ಲಿ.

ಮಾರ್ಚ್ ೪, ಬುಧವಾರ

ಮೊದಲ ಇಂಗ್ಲಿಷ್ ಜಗಳ. ಮಾನ ಹೋಯಿತು.

ಅತ್ತೆ ನನ್ನ ಬಾಣಲೆಯನ್ನು ಬೇರೆ ಶೆಲ್ಫಿಗೆ ಸಾಗಿಸಿದ್ದರು. ನಾನು ಸೊಂಟಕ್ಕೆ ಕೈಯಿಟ್ಟು ಎದುರು ನಿಂತು, "ಯೂ... ಯೂ ಆರ್ ವೆರಿ..." ಅಂದೆ. ಮುಂದಕ್ಕೆ ಪದವಿಲ್ಲ. ನಾನು ಕೆಲಸ ಮಾಡುವುದು ಕಟ್ಟು ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ನನಗೆ ಬಾಯಿಪಾಠವಿರುವ ಇಂಗ್ಲಿಷೆಲ್ಲ ಪ್ಲಾಸ್ಟರ್ ಡಬ್ಬಿಯ ಮೇಲೆ ಬರೆದಿರುವಂಥದ್ದು. ತಂಪಾದ ಒಣ ಜಾಗದಲ್ಲಿ ಇಡಿ, ಚೆನ್ನಾಗಿ ಕಲಸಿ. ಅತ್ತೆಗೆ ಅದರಿಂದ ಏನಾಗಬೇಕು?

"ಕೈಂಡ್ಲಿ ಹೋಲ್ಡ್ ದ ಲೈನ್," ಅಂದರು ಅತ್ತೆ. ಹೋಗಿ ಹಾಲಿನ ಉರಿ ಸಣ್ಣದು ಮಾಡಿ ಬಂದು, "ಥ್ಯಾಂಕ್ ಯೂ ಫಾರ್ ವೇಟಿಂಗ್," ಅಂದರು.

ಅವರ ಇಂಗ್ಲಿಷ್ ನೀರು ಹರಿದ ಹಾಗೆ. ಆದರೆ ಅಷ್ಟು ವರ್ಷ ಫೋನಿನಲ್ಲಿ ಮರ್ಯಾದೆಯಿಂದ ಮಾತಾಡಿ ಮಾತಾಡಿ, ಅದರಲ್ಲಿ ಒಂದೇ ಒಂದು ಬೈಗುಳವಿಲ್ಲ. ನನ್ನಲ್ಲಿ ಬೇಕಾದಷ್ಟು ಬೈಗುಳವಿದೆ, ಇಂಗ್ಲಿಷಿಲ್ಲ. ಕೊನೆಗೆ ಅವರು "ಆಲ್ ಲೈನ್ಸ್ ಇನ್ ದಿಸ್ ರೂಟ್ ಆರ್ ಬಿಜಿ" ಅಂತ ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರ್ಚ್ ೭, ಶನಿವಾರ

ಹಳೆಯ ಪುಸ್ತಕದಂಗಡಿಯಲ್ಲಿ ದಪ್ಪನೆಯ ಪುಸ್ತಕವೊಂದು ಸಿಕ್ಕಿತು. ಉನ್ನತ ಮಟ್ಟದ ಇಂಗ್ಲಿಷ್ ಪದಸಂಪತ್ತು ಬೆಳೆಸಿಕೊಳ್ಳುವವರಿಗೆ ಅಂತ ರಟ್ಟಿನ ಮೇಲೇ ಇದೆ. ಬೈಗುಳ ಯಾವ ಪಾಠದಲ್ಲಿದೆ ಎಂದು ಹುಡುಕಿದೆ. ಪುಣ್ಯಾತ್ಮ ಮೊದಲ ಪಾಠಗಳನ್ನೆಲ್ಲ ಮರಕ್ಕೂ ಮೋಡಕ್ಕೂ ಕೊಟ್ಟಿದ್ದಾನೆ. ಮನುಷ್ಯರ ದುರ್ಗುಣಗಳು ಬರುವುದು ನಡುಭಾಗದಲ್ಲಿ. ನಾನು ನೇರವಾಗಿ ಅಲ್ಲಿಂದಲೇ ಶುರು ಮಾಡಿದ್ದೇನೆ.

ಮಾರ್ಚ್ ೧೨, ಗುರುವಾರ

ಲ್ಯಾಬಿನಲ್ಲಿ ಮೇಣದಲ್ಲಿ ದವಡೆ ಹಲ್ಲು ಕೆತ್ತುತ್ತಾ ಕೆತ್ತುತ್ತಾ ಇಡೀ ದಿನ ಒಂದೇ ಪದ ಉರುಹೊಡೆದೆ. ಆಬ್‌ಸ್ಟಿನೇಟ್. ಹಟಮಾರಿ, ಹಿಡಿದದ್ದನ್ನು ಬಿಡದವರು. ಅತ್ತೆಗೆ ಹೇಳಿ ಮಾಡಿಸಿದಂತಿದೆ.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಎಸೆದೆ. "ಯೂ ಆರ್ ಆಬ್‌ಸ್ಟಿನೇಟ್!"

ಅತ್ತೆ ತರಕಾರಿ ಹೆಚ್ಚುತ್ತಿದ್ದವರು ತಲೆಯೆತ್ತಿದರು. "ಹಾಗಂದ್ರೆ?"

ನನಗೆ ಎಲ್ಲಿಲ್ಲದ ನಿರಾಸೆ. ಅಷ್ಟು ದೂರದಿಂದ ಹೊತ್ತು ತಂದದ್ದು!

"ನೋಡಮ್ಮ," ಅಂದರು, "ನೀನು ಬೈದದ್ದು ನನಗೆ ಅರ್ಥ ಆಗದಿದ್ರೆ ಬೈದ ಹಾಗಾಯ್ತಾ? ಅರ್ಥ ಹೇಳು. ಇಂಗ್ಲಿಷಲ್ಲೇ ಹೇಳು. ಒಂದು ಉದಾಹರಣೆನೂ ಕೊಡು. ಪುಸ್ತಕದ್ದಲ್ಲ, ನಿಜವಾಗಿ ನಡೆದದ್ದು."

ಮಾತು ನ್ಯಾಯವಾಗಿಯೇ ಇತ್ತು. ನಡೆದದ್ದು ಅಂದಕೂಡಲೇ ನನಗೆ ನೆನಪಾದದ್ದು ನಮ್ಮಪ್ಪ. ಟೈಲರ್ ಕೊಟ್ಟ ಅಂಗಿಯ ತೋಳು ಗಿಡ್ಡವಾಗಿದ್ದರೂ, ತಾನೇ ಅಳತೆ ಹೇಳಿದ್ದೆ ಎಂಬ ಒಂದೇ ಕಾರಣಕ್ಕೆ ಅದು ಸರಿಯಾಗಿದೆ ಅಂತ ಹರಿಯುವವರೆಗೂ ಹಾಕಿಕೊಂಡರು. ಮುರುಕು ಇಂಗ್ಲಿಷಿನಲ್ಲಿ ತಡವರಿಸಿ ತಡವರಿಸಿ ಹೇಳಿದೆ. ತೋಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅತ್ತೆಯೇ ಹೇಳಿಕೊಟ್ಟರು. ಗಿಡ್ಡ ತೋಳಿನಲ್ಲಿ ಅಪ್ಪ ಕೈಮುಗಿಯುವುದನ್ನು ಮಾಡಿ ತೋರಿಸಿದಾಗ ಅವರು ನಕ್ಕುಬಿಟ್ಟರು. ನನಗೂ ನಗು ಬಂತು. ಜಗಳ ಅಲ್ಲಿಗೇ ಕೆಟ್ಟಿತು.

ಇದನ್ನು ಗೆಲುವೋ ಸೋಲೋ ಅಂತ ಹೇಗೆ ಲೆಕ್ಕ ಹಾಕುವುದು?

ಮಾರ್ಚ್ ೧೩, ಶುಕ್ರವಾರ

ಅತ್ತೆ ಪೆಟ್ಟಿಗೆಯಿಂದ ಹಳೆಯ ಡಿಕ್ಷನರಿ ತೆಗೆದಿದ್ದಾರೆ. ಯುದ್ಧ ಸಾರಿದ್ದಾರೆ ಎಂದೇ ಅರ್ಥ. ಬಹಳ ಸಂತೋಷ.

ಮಾರ್ಚ್ ೧೯, ಗುರುವಾರ

ಇವತ್ತು ಅತ್ತೆಯ ಸರದಿ. ಗ್ಯಾಸ್ ಒಲೆ ಹೀಗೆ ಒರೆಸಬೇಕು ಅಂತ ನಾನು ತೋರಿಸಿಕೊಡಲು ಹೋದೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಫೋನಿನ ದನಿಯಲ್ಲಿ, "ಯೂ ಆರ್ ಕಾಂಡಿಸೆಂಡಿಂಗ್, ಮೇಡಂ," ಅಂದರು. ಆ ಮೇಡಂ ಬೇರೆ!

ಅರ್ಥ ಕೇಳಿದೆ. ತಾನು ಮೇಲೆ, ನೀನು ಕೆಳಗೆ ಎಂಬಂತೆ ದಯೆ ತೋರಿಸಿ ಮಾತಾಡುವುದಂತೆ. ಉದಾಹರಣೆಗೆ ಎಕ್ಸ್‌ಚೇಂಜಿನ ಮೇಲ್ವಿಚಾರಕಿಯ ವಿಷಯ ಹೇಳಿದರು. ಅತ್ತೆ ಆಗ ಹೊಸಬರು. ಆ ಹೆಂಗಸು ಎಲ್ಲರೆದುರಿಗೆ ಇವರ ತಲೆಯ ಮೇಲಿನ ಹೆಡ್‌ಫೋನ್ ಎರಡು ಬೆರಳಲ್ಲಿ ಎತ್ತಿ, "ಪಾಪ, ಇವಳ ಕಡೆಯವರು ಫೋನೇ ನೋಡಿರಲ್ಲ, ನಿಧಾನಕ್ಕೆ ಕಲೀತಾಳೆ ಬಿಡಿ," ಅಂದಳಂತೆ. ಅತ್ತೆ ಅವತ್ತು ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಬಾತ್‌ರೂಮಿನಲ್ಲಿ ನಿಂತು ಅತ್ತರಂತೆ.

ನನಗೆ ಆ ಮೇಲ್ವಿಚಾರಕಿಯ ಮೇಲೆ ಎಂಥಾ ಸಿಟ್ಟು ಬಂತೆಂದರೆ, ಕೈಗೆ ಸಿಕ್ಕಿದ್ದರೆ ಅವಳಿಗೆ ಪೂರ್ತಿ ಸೆಟ್ ಕಟ್ಟು ಹಲ್ಲೇ ಬೇಕಾಗುವಂತೆ ಮಾಡುತ್ತಿದ್ದೆ. ಅವಳನ್ನು ಏನೇನು ಅನ್ನಬಹುದಿತ್ತು ಅಂತ ಇಬ್ಬರೂ ಕೂತು ಪುಸ್ತಕದಲ್ಲಿ ಹುಡುಕಿದೆವು. ಒಂಬತ್ತನೇ ಪಾಠದಲ್ಲಿ ಬಹಳ ಒಳ್ಳೆಯವು ಸಿಕ್ಕವು. ಕಾಂಡಿಸೆಂಡಿಂಗ್ ಅಂತ ಅತ್ತೆ ಮೊದಲು ಬೈದದ್ದು ನನ್ನನ್ನೇ ಎನ್ನುವುದು ಈಗ ಬರೆಯುವಾಗ ನೆನಪಾಯಿತು. ನಾಳೆ ನೋಡಿಕೊಳ್ಳುತ್ತೇನೆ.

ಮಾರ್ಚ್ ೨೭, ಶುಕ್ರವಾರ

ಹಲ್ಲಿಗೆ ಬಣ್ಣ ಹೊಂದಿಸುವ ಕೆಲಸ ಬಾಕಿಯಿತ್ತು. ಲ್ಯಾಬಿನ ಯಜಮಾನರ ಒಪ್ಪಿಗೆ ಪಡೆದು ಮನೆಗೇ ತಂದೆ. ಬಾಲ್ಕನಿಯಲ್ಲಿ ಕೂತು, ಹಗಲಿನ ಬೆಳಕಿನಲ್ಲಿ ಒಂದು ಮುಂಭಾಗದ ಹಲ್ಲಿಗೆ ಚಹಾ ಕುಡಿಯುವವರ ಹಲ್ಲಿಗಿರುವಂಥ ಸಣ್ಣ ಹಳದಿ ಛಾಯೆ ಕೊಡುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತರು. ಬಹಳ ಹೊತ್ತು ನಿಂತರು. ಏನು ತಪ್ಪು ಹುಡುಕುತ್ತಿದ್ದಾರೋ ಅಂತ ನಾನು ಬ್ರಷ್ ಕೆಳಗಿಟ್ಟೆ.

"ಮೆಟಿಕ್ಯುಲಸ್," ಅಂದರು.

ಆ ಪದ ನಾನಿನ್ನೂ ನೋಡಿರಲಿಲ್ಲ. ಬೈಗುಳವೆಂದೇ ತಿಳಿದು ಎದ್ದುನಿಂತೆ. ಪುಸ್ತಕ ತೆಗೆದರೆ ಅದು ಸದ್ಗುಣಗಳ ಪಾಠದಲ್ಲಿತ್ತು. ಸಣ್ಣ ಸಣ್ಣ ವಿವರಕ್ಕೂ ಗಮನ ಕೊಟ್ಟು ಕೆಲಸ ಮಾಡುವವರಂತೆ.

"ಇದು ಹೊಗಳಿಕೆ ಅತ್ತೆ. ತಪ್ಪಿ ಹೇಳಿದ್ರಿ. ವಾಪಸ್ ತಗೊಳ್ಳಿ," ಅಂದೆ.

"ಹೇಳಿದ್ದು ಹೇಳಾಯ್ತು. ಇರಲಿ ಬಿಡು," ಅಂದು ಒಳಗೆ ಹೋದರು.

ಈ ಮನೆಗೆ ಬಂದ ಮೇಲೆ ಅವರು ನನ್ನ ಕೆಲಸ ನೋಡಿದ್ದು ಇದೇ ಮೊದಲು. ಲ್ಯಾಬಿನ ಯಜಮಾನರು ಕೂಡ ಚೆನ್ನಾಗಿದೆ ಅಂತ ಒಂದು ದಿನವೂ ಅಂದದ್ದಿಲ್ಲ. ಸಂಜೆಯವರೆಗೂ ಆ ಪದ ಬಾಯಲ್ಲಿ ತಿರುಗುತ್ತಲೇ ಇತ್ತು. ಉಚ್ಚಾರಣೆ ಕಷ್ಟ, ಅದಕ್ಕೆ ಇರಬೇಕು.

ಮಾರ್ಚ್ ೩೧, ಮಂಗಳವಾರ

ಅತ್ತೆಯ ಕನ್ನಡಕದ ಕಾಲು ಮುರಿದಿದೆ. ಒಂದು ಕೈಯಲ್ಲಿ ಹಿಡಿದುಕೊಂಡೇ ಡಿಕ್ಷನರಿ ನೋಡುತ್ತಿದ್ದಾರೆ. ಲ್ಯಾಬಿಗೆ ಒಯ್ದು, ಕೃತಕ ವಸಡು ಮಾಡುವ ಗುಲಾಬಿ ಅಕ್ರಿಲಿಕ್ ಹಾಕಿ ಗಟ್ಟಿಯಾಗಿ ಕೂರಿಸಿಕೊಟ್ಟೆ. ಕಿವಿಯ ಹತ್ತಿರ ಯಾರದೋ ವಸಡು ಅಂಟಿಕೊಂಡ ಹಾಗೆ ಕಾಣುತ್ತದೆ. ಅವರಿಗೆ ಚಿಂತೆಯಿಲ್ಲ. ನನಗೂ ಇದರಲ್ಲಿ ಬೇರೆ ಉದ್ದೇಶವೇನಿಲ್ಲ. ಎದುರಾಳಿಗೆ ಅಕ್ಷರವೇ ಕಾಣದಿದ್ದರೆ ಜಗಳ ನಡೆಯುವುದು ಹೇಗೆ?

ಏಪ್ರಿಲ್ ೩, ಶುಕ್ರವಾರ

ಇವರು ಮಧ್ಯಾಹ್ನವೇ ಮನೆಗೆ ಬಂದರು. ಅತ್ತೆ ಮತ್ತು ನಾನು ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಒಂದೇ ತಟ್ಟೆಯಿಂದ ಕಡಲೆಕಾಯಿ ತಿನ್ನುತ್ತಾ ಕೂತಿದ್ದೆವು.

"ಏನು ನಡೀತಿದೆ?" ಅಂತ ಕೇಳಿದರು.

"ಜಗಳಕ್ಕೆ ತಯಾರಿ," ಅಂದರು ಅತ್ತೆ.

"ಯಾರ ಜೊತೆ?"

"ಇವಳ ಜೊತೆ."

ಇವರು ನನ್ನ ಮುಖ ನೋಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಇವರು ಏನೂ ಅರ್ಥವಾಗದೆ ಕೈ ತೊಳೆಯಲು ಹೋದರು.

ಏಪ್ರಿಲ್ ೮, ಬುಧವಾರ

ಇವತ್ತು ಯರ್ನ್ ಎನ್ನುವ ಪದ ಬಂತು. ಹಂಬಲಿಸುವುದು, ಅದಕ್ಕಾಗಿ ಜೀವ ಹಾತೊರೆಯುವುದು. ಬೈಗುಳವಲ್ಲದಿದ್ದರೂ ಪಾಠದಲ್ಲಿದ್ದದ್ದರಿಂದ ಬಿಡುವಂತಿರಲಿಲ್ಲ. ಅತ್ತೆ ಉದಾಹರಣೆ ಕೇಳಿದರು. ನಾನು ಯೋಚಿಸದೆ, ಸರಾಗವಾಗಿ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ನನ್ನದೇ ಆದ ಒಂದು ಅಡುಗೆಮನೆಗಾಗಿ ನಾನು ಹಂಬಲಿಸುತ್ತೇನೆ, ಏಪ್ರಿಲ್ ಕೊನೆಯವರೆಗೆ ಜಗಳ ನಡೆಯುತ್ತಲೇ ಇದ್ದರೆ ನಿಮ್ಮ ಮಗ ಬೇರೆ ಮನೆ ಮಾಡುತ್ತೇನೆಂದು ಮಾತು ಕೊಟ್ಟಿದ್ದಾರೆ.

ಅಷ್ಟು ಉದ್ದದ ವಾಕ್ಯ ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಜೀವನದಲ್ಲೇ ಮೊದಲು. ಆ ಖುಷಿಯಲ್ಲಿ ಏನು ಹೇಳಿದೆ ಎಂಬುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ವಾಕ್ಯ ಚೆನ್ನಾಗಿದೆ," ಅಂದರು. ಆಮೇಲೆ, "ಹೌದಲ್ವಾ, ನಾನು ಬರೋಕೆ ಮುಂಚೆ ಈ ಅಡುಗೆಮನೆ ನಿಂದೇ ತಾನೆ," ಅಂದರು. ಪಾಠ ಅಲ್ಲಿಗೆ ಮುಗಿಯಿತು.

ನನಗೆ ಯಾಕೋ ಊಟ ಸೇರಲಿಲ್ಲ.

ಏಪ್ರಿಲ್ ೧೧, ಶನಿವಾರ

ಅತ್ತೆ ಬೆಳಗ್ಗೆ ಕಾಲು ಕೆರೆದು ಜಗಳಕ್ಕೆ ಬಂದರು. ನನ್ನ ಚಪ್ಪಲಿ ಅಬಾಮಿನಬಲ್ ಅಂತೆ. ಸಹಿಸಲಾಗದಷ್ಟು ಅಸಹ್ಯ. ಹೊಸ ಚಪ್ಪಲಿ, ಅದೂ ಹೋದ ವಾರ ಅವರೇ ಆರಿಸಿದ್ದು. ಉದಾಹರಣೆ ಕೇಳಿದರೆ, "ಇವತ್ತು ಉದಾಹರಣೆ ಇಲ್ಲ," ಅಂದರು. ಇವರು ಪೇಪರಿನ ಹಿಂದಿನಿಂದ ಇಣುಕಿ ನೋಡಿದರು. ಇವರಿಗೆ ಕೇಳಿಸಲಿ ಅಂತಲೇ ಅತ್ತೆ ಜೋರಾಗಿ ಹೇಳಿದ ಹಾಗಿತ್ತು.

ಏಪ್ರಿಲ್ ೧೪, ಮಂಗಳವಾರ

ಇವತ್ತು ನಾನು ನಡೆಯುವ ರೀತಿ ಸರಿಯಿಲ್ಲವಂತೆ. ಇವರು ಬಾತ್‌ರೂಮಿಗೆ ಹೋದ ತಕ್ಷಣ, "ಬೇಜಾರಾಯ್ತಾ?" ಅಂತ ಕನ್ನಡದಲ್ಲಿ ಕೇಳಿದರು. ಇದೊಂದು ಜಗಳವೇ? ಉಪ್ಪಿಲ್ಲ, ಖಾರವಿಲ್ಲ. ಮೊದಲಿನ ಅತ್ತೆಯಾಗಿದ್ದರೆ ಒಂದು ನೋಟಕ್ಕೇ ನನ್ನ ತಲೆ ಕೆಡಿಸುತ್ತಿದ್ದರು.

ಏಪ್ರಿಲ್ ೧೮, ಶನಿವಾರ

ಉಪ್ಪಿನ ಡಬ್ಬಿ ನಾಲ್ಕು ದಿನದಿಂದ ನಾನಿಟ್ಟ ಕಡೆಯೇ ಇದೆ. ಬೇಕೆಂದೇ ಬೇರೆ ಕಡೆ ಇಟ್ಟು ನೋಡಿದೆ. ಅಲ್ಲೂ ಹಾಗೇ ಇತ್ತು. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೊಂದು ಪದವಿರಬೇಕು.

ಏಪ್ರಿಲ್ ೨೬, ಭಾನುವಾರ

ಇವರು ಮನೆ ತೋರಿಸಲು ಕರೆದುಕೊಂಡು ಹೋದರು. ಎರಡು ಬೀದಿಯಾಚೆ, ಮೂರನೇ ಮಹಡಿ. ಅಡುಗೆಮನೆ ದೊಡ್ಡದು. ಗ್ರಾನೈಟ್ ಕಟ್ಟೆ, ಗೋಡೆ ತುಂಬ ಶೆಲ್ಫು, ಪೂರ್ವಕ್ಕೆ ಕಿಟಕಿ. ನಾನು ಕನಸಿನಲ್ಲಿ ಕಂಡದ್ದಕ್ಕಿಂತ ಚೆನ್ನಾಗಿದೆ. ನಲ್ಲಿಗಳು ಮಾತ್ರ ಆಸ್ಟೆಂಟೇಷಸ್. ಜಂಬದವು, ನಾಲ್ಕು ಜನ ನೋಡಲಿ ಅಂತಲೇ ಮಾಡಿಸಿದಂಥವು.

ಹಾಗಂತ ಇವರಿಗೆ ಹೇಳಿದೆ. ಇವರು, "ಹಾಂ? ನೀರು ಬರುತ್ತೆ ತಾನೆ?" ಅಂದರು. ಅರ್ಥ ಕೇಳಲಿಲ್ಲ. ಉದಾಹರಣೆಯನ್ನೂ ಕೇಳಲಿಲ್ಲ. ಹೇಳಬೇಕೆಂದು ಒಂದು ಒಳ್ಳೆಯ ಉದಾಹರಣೆ ಸಿದ್ಧವಾಗಿಯೇ ಇತ್ತು.

ಕಿಟಕಿಯಲ್ಲಿ ಬೆಳಕು ಜಾಸ್ತಿ, ಕಣ್ಣಿಗೆ ಹೊಡೆಯುತ್ತದೆ. ಶೆಲ್ಫು ಬಹಳ ಎತ್ತರ. ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತದೆ. ಇಷ್ಟು ದೊಡ್ಡ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಏನು ಮಾಡುವುದು? ಆದರೂ ನನ್ನದು, ಬಿಡಬಾರದು. ಸರಿ ಅಂದೆ.

ಏಪ್ರಿಲ್ ೨೯, ಬುಧವಾರ

ಲ್ಯಾಬಿನಲ್ಲಿ ಕೆಲಸ ಜಾಸ್ತಿ. ಪದ ಕಲಿಯಲಿಲ್ಲ.

ಮೇ ೩, ಭಾನುವಾರ

ಇವತ್ತಿನದನ್ನು ಎಲ್ಲಿಂದ ಶುರು ಮಾಡಲಿ?

ತಿಂಡಿಯಾದ ಮೇಲೆ ಇವರು ಹೊಸ ಮನೆಯ ಬೀಗದ ಕೈ ಮೇಜಿನ ಮೇಲಿಟ್ಟರು. "ಅಮ್ಮ, ನಿಜ ಹೇಳು. ಎರಡು ತಿಂಗಳಾಯ್ತು. ನಿಮ್ಮಿಬ್ಬರಿಗೂ ಸರಿಹೋಗುತ್ತಾ, ಇಲ್ವಾ?"

ಅತ್ತೆ ಎದ್ದು ನಿಂತರು. ಕನ್ನಡಕ ಸರಿಮಾಡಿಕೊಂಡರು. ಎಕ್ಸ್‌ಚೇಂಜಿನಲ್ಲಿ ದೂರದೂರಿನ ಕರೆ ಜೋಡಿಸುವಾಗ ಹೇಗೆ ಮಾತಾಡುತ್ತಿದ್ದರೋ ಹಾಗೆ, ಒಂದೊಂದೇ ಪದ ಬಿಡಿಸಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದರು: ಈ ಹುಡುಗಿ ಇನ್‌ಸಫರಬಲ್, ಇವಳನ್ನು ಸಹಿಸಲು ಸಾಧ್ಯವಿಲ್ಲ. ಇವಳು ಇನ್‌ಕರಿಜಿಬಲ್, ಇವಳನ್ನು ತಿದ್ದಲು ಸಾಧ್ಯವಿಲ್ಲ. ಇವಳ ಜೊತೆ ಒಂದೇ ಸೂರಿನಡಿ ಇರಲು ನನ್ನಿಂದಾಗದು. ದಯವಿಟ್ಟು ಕೂಡಲೇ ಬೇರೆ ಮನೆ ಮಾಡಿ.

ಇವರು ನನ್ನ ಕಡೆ ತಿರುಗಿದರು. ನಾನು ಬಯಸಿದ್ದು ಇದನ್ನೇ ತಾನೆ? ಕೈಚಾಚಿ ಬೀಗದ ಕೈ ಎತ್ತಿಕೊಳ್ಳಬೇಕಿತ್ತು, ಅಷ್ಟೇ. ಆದರೆ ನಾನು ಎತ್ತಿಕೊಳ್ಳಲಿಲ್ಲ. ಅತ್ತೆ ನನ್ನನ್ನು ಬೇಡ ಅಂದುಬಿಟ್ಟರು. ಅದೂ ನಾನು ಕಲಿಸಿದ ಪದಗಳಲ್ಲಿ!

"ಎಕ್ಸಾಂಪಲ್ ಪ್ಲೀಸ್," ಅಂದೆ.

ಅತ್ತೆ ಬಾಯಿ ತೆರೆದರು. ಮುಚ್ಚಿದರು. "ದೇರ್ ಆರ್... ಮೆನಿ," ಅಂದರು.

"ಒಂದು ಹೇಳಿ."

ಹೇಳಲಿಲ್ಲ. ತಿಂಡಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

ಅಲ್ಲಿಂದ ಮುಂದೆ ನನ್ನ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿಗೆ ಬಂದದ್ದೆಲ್ಲ ಕನ್ನಡ. "ಒಂದು ಉದಾಹರಣೆ ಕೊಡೋಕಾಗಲ್ಲ, ನನ್ನನ್ನ ಮನೆಯಿಂದ ಕಳಿಸೋಕೆ ನಿಂತಿದ್ದೀರಾ? ನಾನೇನು ಮಾಡಿದ್ದೆ ನಿಮಗೆ? ಕನ್ನಡಕ ರಿಪೇರಿ ಮಾಡಿದ್ದು ತಪ್ಪಾಯ್ತಾ? ಆ ಮೇಲ್ವಿಚಾರಕಿ ವಾಸಿ ನಿಮಗಿಂತ! ಅವಳು ಹೆಡ್‌ಫೋನ್ ಮಾತ್ರ ಕಿತ್ಕೊಂಡ್ಳು, ನೀವು ಮನೆಯನ್ನೇ ಕಿತ್ಕೋತಿದ್ದೀರಿ! ನಾನು ಎಲ್ಲಿಗೂ ಹೋಗಲ್ಲ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ!"

"ಏನಂದೆ? ಯಾರಿಗೆ ಹೋಲಿಸ್ತಿದ್ದೀಯ ನನ್ನ?" ಅತ್ತೆಯೂ ಕನ್ನಡಕ್ಕೆ ಇಳಿದರು. ಆಹಾ, ಎರಡು ತಿಂಗಳಾಗಿತ್ತು ಆ ದನಿ ಕೇಳಿ! "ಅಡುಗೆಮನೆ ಬೇಕು, ಅಡುಗೆಮನೆ ಬೇಕು ಅಂತ ಪ್ರಾಣ ಬಿಟ್ಟೋಳು ಯಾರೇ? ನಾನಾ? ನಿನಗೆ ಸಿಗಲಿ ಅಂತ ತಾನೆ ನಾನು ದಿನಾ ಇಲ್ಲದ ಜಗಳ ಹುಡುಕ್ಕೊಂಡು ಬಂದಿದ್ದು! ಆ ಚಪ್ಪಲಿಗೆ ಹಾಗನ್ನೋಕೆ ನನಗೆ ಮನಸ್ಸಿತ್ತು ಅಂದ್ಕೊಂಡ್ಯಾ? ಈ ವಯಸ್ಸಲ್ಲಿ ಸುಳ್ಳು ಹೇಳಿಸಿದ್ಯಲ್ಲೇ ನನ್ನ ಬಾಯಲ್ಲಿ, ಅದೂ ಇಂಗ್ಲಿಷಲ್ಲಿ!"

"ಯಾರು ಹೇಳಿದ್ರು ನಿಮಗೆ ಸುಳ್ಳು ಹೇಳಿ ಅಂತ?"

"ಯಾರು ಹೇಳಬೇಕು? ನೀನು ಊಟ ಬಿಟ್ಟು ಕೂತಿದ್ದು ನನಗೆ ಕಾಣಲ್ವಾ?"

"ಊಟ ಬಿಟ್ಟಿದ್ದು ಅದಕ್ಕಲ್ಲ!"

"ಮತ್ತೆ ಯಾಕೆ?"

ಅದಕ್ಕೆ ನನ್ನ ಬಳಿ ಕನ್ನಡದಲ್ಲೂ ಉತ್ತರವಿರಲಿಲ್ಲ. ಅಳು ಬಂತು. ಅತ್ತೆಯ ಕಣ್ಣೂ ತುಂಬಿತ್ತು. ಆದರೂ ಇಬ್ಬರೂ ದನಿ ತಗ್ಗಿಸಲಿಲ್ಲ.

ಇವರು ನಡುವೆ ಕೈ ಚಾಚಿ, "ಈಗ ನೀವು ಜಗಳ ಆಡ್ತಿರೋದು ಯಾಕೆ? ಒಟ್ಟಿಗೆ ಇರೋಕೋ, ಬೇರೆ ಹೋಗೋಕೋ?" ಅಂತ ಕೇಳಿದರು.

"ನೀನು ಸುಮ್ನಿರೋ!" ಅಂದರು ಅತ್ತೆ.

"ನೀವು ಸುಮ್ನಿರ್ರೀ!" ಅಂದೆ ನಾನು.

ಇವರು ಬೀಗದ ಕೈ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಮಧ್ಯಾಹ್ನ ಬರಿಗೈಯಲ್ಲಿ ಬಂದರು. ಆ ಮನೆ ಬೇಡವೆಂದು ಹೇಳಿಬಂದರಂತೆ. ಅಷ್ಟರಲ್ಲಿ ನಮ್ಮ ಜಗಳ ಮುಗಿದು, ಅಡುಗೆ ಅರ್ಧವಾಗಿತ್ತು.

ಬೇರೆ ಅಡುಗೆಮನೆಗೆಂದು ಎರಡು ತಿಂಗಳು ತಲೆ ಕೆಡಿಸಿಕೊಂಡು ಇಂಗ್ಲಿಷ್ ಕಲಿತೆ. ಅದು ಕೈತಪ್ಪಿತು, ನಿಜ. ಆದರೆ ಅತ್ತೆ ನನ್ನನ್ನು ಹೋಗು ಅಂದರು. ನಾನು ಹೋಗಲಿಲ್ಲ. ಅಂದಮೇಲೆ ಗೆದ್ದದ್ದು ನಾನೇ.